ಕುಳವಾಡಿಯ ಗೆರೆ

1873ರ ‘ಇಂಡಿಯನ್ ಆಂಟಿಕ್ವೆರಿ’ ಸಂಪುಟದಲ್ಲಿ ಹಾಸನ ಜಿಲ್ಲೆಯ ಹಳ್ಳಿಗಳನ್ನು ಕುರಿತ ಒಂದು ಟಿಪ್ಪಣಿ ಇದೆ. ಬರೆದವರು ಕ್ಯಾಪ್ಟನ್ ಜೆ. ಎಸ್. ಎಫ್. ಮೆಕೆಂಜಿ. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದ ಕಾಲದ ಅಧಿಕಾರಿ ಇವರು. ಹಳೇಬೀಡಿನ ದೇವಾಲಯದ ಬಗ್ಗೆಯೂ ಬರೆದಿದ್ದಾರೆ. ಹಳ್ಳಿಯ ಬೇಲಿಯಾಚೆ ಹೊಲಗೇರಿ ಏಕಿದೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ಅಲ್ಲಿರುವವರು ಮೈಲಿಗೆಯವರು, ಮುಟ್ಟಬಾರದವರು, ಆದ್ದರಿಂದ ಊರಾಚೆ ಇದ್ದಾರೆ ಎಂದು ಎಲ್ಲರೂ ಹೇಳುವ ಉತ್ತರವನ್ನೇ ಅವರೂ ಮೊದಲು ನಂಬಿದ್ದರು. ಆಮೇಲೆ ಅವರ ಕಿವಿಗೆ ಬಿದ್ದ ಸಂಗತಿಗಳು ಆ ಉತ್ತರಕ್ಕೆ ಹೊಂದಲಿಲ್ಲ.

ಬ್ರಾಹ್ಮಣನು ಹೊಲೆಯನ ಕೈಯಿಂದ ನೇರವಾಗಿ ಏನನ್ನೂ ತೆಗೆದುಕೊಳ್ಳುವುದಿಲ್ಲ, ಇದು ಸರಿಯೆ. ಆದರೆ ಅದೇ ಬ್ರಾಹ್ಮಣ, ಯಾರ ಕಾಟಕ್ಕೂ ಒಳಗಾಗದೆ ಹೊಲಗೇರಿಯನ್ನು ಹಾಯ್ದು ಬಂದರೆ ತನಗೆ ದೊಡ್ಡ ಅದೃಷ್ಟ ಕೂಡಿಬರುತ್ತದೆ ಎಂದು ನಂಬಿದ್ದ. ಕೇರಿಯವರಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಬ್ರಾಹ್ಮಣ ಕೇರಿಯೊಳಕ್ಕೆ ಕಾಲಿಟ್ಟರೆ ಎಲ್ಲರೂ ಒಟ್ಟಾಗಿ ಹೊರಬಂದು ಮೆಟ್ಟಿನಲ್ಲಿ ಹೊಡೆಯುತ್ತಿದ್ದರು. ಹಿಂದಿನ ಕಾಲದಲ್ಲಿ ಸಾಯುವ ತನಕ ಹೊಡೆಯುತ್ತಿದ್ದರೆಂದು ಹೇಳಿಕೆ. ಬೇರೆ ಜಾತಿಯವರು ಬಾಗಿಲ ತನಕ ಬರಬಹುದು, ಹೊಸಲು ದಾಟುವಂತಿಲ್ಲ. ದಾಟಿದರೆ ಮನೆಯವನಿಗೆ ಕೇಡು. ಯಾರಾದರೂ ಅಕಸ್ಮಾತ್ ಒಳಗೆ ಬಂದುಬಿಟ್ಟರೆ ಮನೆಯಾತ ಅವನ ಬಟ್ಟೆಯನ್ನು ಹರಿದು, ಅದರ ಒಂದು ತುದಿಗೆ ಉಪ್ಪು ಕಟ್ಟಿ, ಹೊರಗೆ ಕಳಿಸುತ್ತಿದ್ದ. ಬಂದವನಿಗೆ ಸಿಗಬಹುದಾಗಿದ್ದ ಅದೃಷ್ಟ ಅಲ್ಲಿಗೆ ಅಳಿಯಿತು, ಮನೆಗೆ ಬರಬಹುದಾಗಿದ್ದ ಕೇಡೂ ಕಳೆಯಿತು.

ಈ ಪುಟದಲ್ಲಿ ‘ಹೊಲೆಯ’ ಎಂಬ ಮಾತು ದಾಖಲೆಯಲ್ಲಿರುವಂತೆ ಬಂದಿದೆ. ಅದನ್ನು ಬೈಗುಳವಾಗಿ ಬಳಸುವುದು ಇಂದು ಕಾನೂನಿನ ಕಣ್ಣಿನಲ್ಲಿ ಅಪರಾಧ. ಆ ಸಮುದಾಯ ತನ್ನನ್ನು ಛಲವಾದಿ ಎಂದೂ ಬಲಗೈಯವರೆಂದೂ ಕರೆದುಕೊಳ್ಳುತ್ತದೆ. ಆದರೆ ಆ ಹಳೆಯ ಮಾತನ್ನೇ ಬಿಟ್ಟು ಈ ಚರಿತ್ರೆಯನ್ನು ಹೇಳಲು ಬರುವುದಿಲ್ಲ.

ಊರು ಎಂದಮೇಲೆ ಹೊಲಗೇರಿ ಇರಲೇಬೇಕು ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಸಾಮಾನ್ಯವಾಗಿ ಇದನ್ನು, ಒಳ್ಳೆಯದಿದ್ದ ಕಡೆ ಕೆಟ್ಟದ್ದೂ ಇರುತ್ತದೆ ಎಂಬ ಹೀನಾರ್ಥದಲ್ಲಿ ಆಡುತ್ತಾರೆ. ಹಾಸನದಿಂದ ಸಾಲಗಾಮೆ ರಸ್ತೆ ಹಿಡಿದು ಹೊರಟರೂ ಸರಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆ ಹೊರಟರೂ ಸರಿ, ಹಳೆಯ ಹಳ್ಳಿಗಳ ನಕ್ಷೆ ಈ ಗಾದೆಯನ್ನೇ ನೆಲದ ಮೇಲೆ ಬರೆದಂತಿರುತ್ತದೆ: ನಡುವೆ ಊರು, ಆಚೆ ಕೇರಿ, ಮಧ್ಯೆ ಒಂದು ಬಯಲೋ ಓಣಿಯೋ ಹಳ್ಳವೋ. ಗಾದೆಯನ್ನು ಅದರ ಹೀನಾರ್ಥ ಬಿಟ್ಟು ಅಕ್ಷರಶಃ ಓದಿ ನೋಡಿ. ಹೊಲಗೇರಿ ಇಲ್ಲದಿದ್ದರೆ ಅದು ಊರೇ ಅಲ್ಲ ಎಂದಾಗುತ್ತದೆ. ಹೊರಗಿಟ್ಟದ್ದರಿಂದಲೇ ಒಳಗು ಒಳಗಾಯಿತು. ಯುರೋಪಿನ ಮನೋವಿಶ್ಲೇಷಣೆ ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಹಳ ಕಷ್ಟದ ಭಾಷೆಯಲ್ಲಿ ಹೇಳಿದ ಮಾತೊಂದು ಈ ಗಾದೆಯ ಪಕ್ಕಕ್ಕೇ ಬಂದು ನಿಲ್ಲುತ್ತದೆ.

ಆ ಮಾತು ಹೇಳಿದವರು ಜೂಲಿಯಾ ಕ್ರಿಸ್ತೇವಾ. 1941ರಲ್ಲಿ ಬಲ್ಗೇರಿಯದಲ್ಲಿ ಹುಟ್ಟಿ, 1965ರ ಕೊನೆಯಲ್ಲಿ ಪ್ಯಾರಿಸಿಗೆ ಬಂದು, ಅಲ್ಲೇ ನೆಲೆಸಿ ಮನೋವಿಶ್ಲೇಷಕಿಯಾದವರು. ಹೇಸಿಗೆಯ ಶಕ್ತಿಯನ್ನೇ ವಿಷಯವಾಗಿಟ್ಟುಕೊಂಡು ಅವರು ಫ್ರೆಂಚಿನಲ್ಲಿ ಬರೆದ ಗ್ರಂಥ 1980ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳಲ್ಲಿ ಇಂಗ್ಲಿಷಿಗೂ ಬಂತು. ಅವರು ಬಳಸುವ ಪಾರಿಭಾಷಿಕ ಪದಕ್ಕೆ ಕನ್ನಡದಲ್ಲಿ ಹೊಸ ಸಂಸ್ಕೃತ ಸಮಾಸ ಕಟ್ಟುವುದಕ್ಕಿಂತ ‘ಹೇಸಿಗೆ’ ಎಂಬ ನಮ್ಮ ಮಾತೇ ಮೇಲು ಎಂದು ನನ್ನ ಅಭಿಪ್ರಾಯ. ಹೇಸುವ ಭಾವಕ್ಕೂ ಅದೇ ಹೆಸರು, ಹೇಸಲಾದ ವಸ್ತುವಿಗೂ ಅದೇ ಹೆಸರು. ಮಗು ಹೇಸಿಗೆ ಮಾಡಿಕೊಂಡಿತು ಎನ್ನುತ್ತೇವೆ, ನೋಡಿ ಹೇಸಿಗೆಯಾಯಿತು ಎಂದೂ ಎನ್ನುತ್ತೇವೆ. ವಸ್ತು ಎಲ್ಲಿ ಮುಗಿಯಿತು, ಮನಸ್ಸು ಎಲ್ಲಿ ಶುರುವಾಯಿತು ಎಂದು ಹೇಳಲಾಗದ ಈ ಸ್ಥಿತಿಯೇ ಕ್ರಿಸ್ತೇವಾ ಅವರ ವಿಷಯ.

ಅವರ ವಾದದ ತಿರುಳು ಇಷ್ಟು. ಮಗು ಹುಟ್ಟಿದಾಗ ಅದಕ್ಕೆ ‘ನಾನು’ ಎಂಬುದಿಲ್ಲ. ತಾಯಿಯ ಮೈ, ತನ್ನ ಮೈ, ಹಾಲು, ಉಚ್ಚೆ, ಬಿಸುಪು ಎಲ್ಲವೂ ಒಂದೇ. ‘ನಾನು’ ಎಂಬ ಅರಿವು ಮೊಳೆಯಬೇಕಾದರೆ ಯಾವುದನ್ನಾದರೂ ‘ಇದು ನಾನಲ್ಲ’ ಎಂದು ತಳ್ಳಬೇಕು. ಈ ತಳ್ಳುವಿಕೆ ಮಾತಿಗಿಂತ ಮೊದಲಿನದು. ವಾಕರಿಕೆಯಂತೆ, ಮೈಯೇ ಮಾಡುವ ಕೆಲಸ. ಆದರೆ ತಳ್ಳಿದ್ದು ಪೂರ್ತಿ ಹೊರಗೆ ಹೋಗುವುದಿಲ್ಲ, ಏಕೆಂದರೆ ಅದು ನಿನ್ನೆಯ ತನಕ ನಾನೇ ಆಗಿತ್ತು. ಅದು ಅಂಚಿನಲ್ಲಿ ನಿಲ್ಲುತ್ತದೆ, ಹೆದರಿಸುತ್ತದೆ, ಸೆಳೆಯುತ್ತದೆ. ರಕ್ತ, ಮಲ, ಕೀವು, ಕೊನೆಗೆ ಹೆಣ ನಮ್ಮನ್ನು ಕಲಕುವುದು ಅವು ಕೊಳಕು ಎಂಬುದಕ್ಕಾಗಿ ಮಾತ್ರವಲ್ಲ, ಒಳಗು ಹೊರಗುಗಳ ಗೆರೆಯನ್ನು ಅಳಿಸುತ್ತವೆ ಎಂಬುದಕ್ಕಾಗಿ.

ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಕಿಲ್ಲ. ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1955ರಲ್ಲಿ ಒಂದು ಸರಳ ಪ್ರಯೋಗ ಸೂಚಿಸಿದರು: ಬಾಯಲ್ಲಿರುವ ಎಂಜಲನ್ನು ನುಂಗಿ. ಈಗ ಒಂದು ಲೋಟಕ್ಕೆ ಉಗುಳಿ, ಅದನ್ನು ಕುಡಿಯುವುದನ್ನು ಕಲ್ಪಿಸಿಕೊಳ್ಳಿ. ರಸಾಯನಶಾಸ್ತ್ರದ ಪ್ರಕಾರ ಎರಡೂ ಒಂದೇ ದ್ರವ. ಬದಲಾದದ್ದು ಅದು ದಾಟಿದ ಗೆರೆ. ಕನ್ನಡಿಗರಿಗಂತೂ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಬಾಯಿಯೊಳಗಿನ ದ್ರವಕ್ಕೂ, ಕಚ್ಚಿಟ್ಟ ಹಣ್ಣಿಗೂ, ಉಂಡೆದ್ದ ಎಲೆಗೂ, ಉಂಡ ಜಾಗಕ್ಕೂ ‘ಎಂಜಲು’ ಎಂಬ ಒಂದೇ ಹೆಸರಿಟ್ಟು, ಅದು ಹೇಗೆ ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತದೆ ಎಂಬುದಕ್ಕೆ ಅಡುಗೆಮನೆಯಲ್ಲೇ ಒಂದು ವ್ಯಾಕರಣ ಬರೆದುಕೊಂಡ ಜನ ನಾವು. ಅನ್ನದ ಪಾತ್ರೆ ಮುಟ್ಟಿದ ಕೈ ‘ಮುಸುರೆ’. ಇನ್ನು ‘ಮುಟ್ಟು’ ಎಂಬ ಪದವನ್ನೇ ನೋಡಿ: ಸ್ಪರ್ಶವೂ ಅದೇ, ಹೆಣ್ಣಿನ ತಿಂಗಳ ಸ್ರಾವವೂ ಅದೇ, ಆ ದಿನಗಳಲ್ಲಿ ಅವಳಿಗೆ ವಿಧಿಸಿದ ನಿಷೇಧವೂ ಅದರಲ್ಲೇ ಅಡಗಿದೆ.

ಆದರೂ ಕ್ರಿಸ್ತೇವಾ ಅವರ ಪುಸ್ತಕವನ್ನು ಹಾಸನದ ಕಡೆಯವರು ಓದಿದರೆ ಆರಂಭದಲ್ಲೇ ಒಂದು ಕಡೆ ನಗು ಬರುತ್ತದೆ. ಹೇಸಿಗೆಗೆ ಅವರು ಕೊಡುವ ಉದಾಹರಣೆಗಳಲ್ಲಿ ಒಂದು ಹಾಲಿನ ಮೇಲಿನ ತೆಳು ಪೊರೆ. ತುಟಿಗೆ ಅದು ತಗುಲಿದರೆ ಸಾಕು, ಮೈಯೆಲ್ಲ ಹಿಂಡಿದಂತಾಗುತ್ತದಂತೆ. ನಮ್ಮಲ್ಲಿ ಅದಕ್ಕೆ ಕೆನೆ ಎಂದು ಹೆಸರು. ಮಕ್ಕಳು ಅದಕ್ಕಾಗಿ ಜಗಳವಾಡುತ್ತಾರೆ, ಹಿರಿಯರು ಅದನ್ನು ಕೂಡಿಟ್ಟು ಬೆಣ್ಣೆ ತೆಗೆಯುತ್ತಾರೆ. ಇದರಿಂದ ಸಿದ್ಧಾಂತ ಬಿದ್ದುಹೋಗುವುದಿಲ್ಲ. ಗೆರೆ ಎಳೆಯುವುದು ಮನುಷ್ಯನ ಸ್ವಭಾವ ಇರಬಹುದು. ಎಲ್ಲಿ ಎಳೆಯಬೇಕೆಂಬುದನ್ನು ಮಾತ್ರ ಅವನಿಗೆ ಕಲಿಸಬೇಕಾಗುತ್ತದೆ. ಕಲಿಸುವವರು ಯಾರು, ಏಕೆ ಕಲಿಸುತ್ತಾರೆ ಎಂಬಲ್ಲಿ ಮನೋವಿಶ್ಲೇಷಣೆ ಹಿಂದೆ ಸರಿದು ಚರಿತ್ರೆ ಮುಂದೆ ಬರಬೇಕು.

ಈ ಕಲಿಕೆ ಎಷ್ಟು ಆಳಕ್ಕಿಳಿಯುತ್ತದೆ ಎಂಬುದಕ್ಕೆ ಡಾರ್ವಿನ್ನರೇ ಸಾಕ್ಷಿ ಹೇಳಿದ್ದಾರೆ. ಮೆಕೆಂಜಿ ಬರೆಯುವುದಕ್ಕೆ ಒಂದು ವರ್ಷ ಮೊದಲು, 1872ರಲ್ಲಿ, ಮನುಷ್ಯರೂ ಪ್ರಾಣಿಗಳೂ ಭಾವನೆಗಳನ್ನು ವ್ಯಕ್ತಪಡಿಸುವ ಬಗೆಯನ್ನು ಕುರಿತು ಅವರು ಒಂದು ಗ್ರಂಥ ಪ್ರಕಟಿಸಿದರು. ಅದರಲ್ಲಿ ದಕ್ಷಿಣ ಅಮೆರಿಕದ ತುದಿಯ ತಿಯೆರಾ ದೆಲ್ ಫ್ಯೂಗೋ ದ್ವೀಪದ ಒಂದು ಪ್ರಸಂಗವಿದೆ. ಡಾರ್ವಿನ್ ತಿನ್ನುತ್ತಿದ್ದ ಕೆಡದಂತೆ ಕಾಪಿಟ್ಟ ಮಾಂಸವನ್ನು ಅಲ್ಲಿಯ ಮೂಲನಿವಾಸಿಯೊಬ್ಬ ಬೆರಳಿನಿಂದ ಮುಟ್ಟಿ ನೋಡಿದ. ಅದರ ಮೆತ್ತನೆಯ ಸ್ಪರ್ಶಕ್ಕೆ ಅವನು ಹೇಸಿದ. ಅವನು ಮುಟ್ಟಿದನೆಂದು ಡಾರ್ವಿನ್ ಹೇಸಿದರು. ಅವನ ಕೈ ಕೊಳಕಾಗಿ ಕಾಣುತ್ತಿರಲಿಲ್ಲ ಎಂಬುದನ್ನೂ ಆ ಮಹಾನುಭಾವ ಪ್ರಾಮಾಣಿಕವಾಗಿ ಬರೆದಿಟ್ಟಿದ್ದಾರೆ. ಕೊಳೆತದ್ದನ್ನು ತಿನ್ನದಂತೆ ನಮ್ಮನ್ನು ಕಾಯುವ ಒಂದು ಸಹಜ ಪ್ರವೃತ್ತಿ ಜೀವವಿಜ್ಞಾನದಲ್ಲಿ ಇದೆ, ನಿಜ. ಆದರೆ ಆ ಕೈಯಲ್ಲಿ ಕೊಳೆತದ್ದೇನೂ ಇರಲಿಲ್ಲ. ಜೊತೆಗೆ ಇಲ್ಲಿ ಹೇಸಿಗೆ ಎರಡೂ ಕಡೆಯಿಂದ ಹರಿದಿದೆ.

ಈ ವಿಚಾರ ನಮ್ಮ ನೆಲಕ್ಕೆ ಹೊರಗಿನದು ಎಂದು ಯಾರೂ ಭಾವಿಸಬೇಕಾಗಿಲ್ಲ. ಮೈಸೂರಿನ ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಬರೆದ ಪುಸ್ತಕ 1952ರಲ್ಲಿ ಬಂತು. ಅರಕಲಗೂಡಿನ ಗಡಿ ದಾಟಿದರೆ ಸಿಗುವ ಕೊಡಗಿನ ಮಡಿ ಮೈಲಿಗೆಗಳ ಆ ವಿವರಗಳನ್ನು ಇಂಗ್ಲೆಂಡಿನ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಾಸ್ 1966ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಬಳಸಿಕೊಂಡರು. ತನ್ನ ಗಡಿಗಳ ಬಗ್ಗೆ ಆತಂಕವಿರುವ ಸಮಾಜ ಮೈಯ ದ್ವಾರಗಳ ಬಗ್ಗೆಯೂ ಆತಂಕಪಡುತ್ತದೆ ಎಂದು ತೋರಿಸಲು ಅವರಿಗೆ ಕೊಡವರ ಉದಾಹರಣೆ ಒದಗಿತು. ಕ್ರಿಸ್ತೇವಾ ಡಗ್ಲಾಸರ ಹೆಗಲ ಮೇಲೆ ನಿಂತವರು. ಭಾರತದ ಜಾತಿಯ ಬಗೆಗೂ ಅವರ ಪುಸ್ತಕದಲ್ಲಿ ಕೆಲವು ಪುಟಗಳಿವೆ. ಕಾವೇರಿಯ ದಡದ ವಿವರ ಪ್ಯಾರಿಸಿಗೆ ಹೋದ ದಾರಿ ಇದು.

ನಮ್ಮಲ್ಲೇ ಇದಕ್ಕಿಂತ ಹಳೆಯದೂ ಇದೆ. ವೀರಶೈವ ಸಂಪ್ರದಾಯ ತಾನು ಒಪ್ಪದ ಐದು ಸೂತಕಗಳನ್ನು ಹೆಸರಿಸುತ್ತದೆ: ಜನನ, ಮರಣ, ರಜಸ್ಸು, ಎಂಜಲು, ಜಾತಿ. ಮೊದಲ ನಾಲ್ಕು ಮೈಯ ಅಂಚಿನ ಸಂಗತಿಗಳು, ಕ್ರಿಸ್ತೇವಾ ಅವರ ಪಟ್ಟಿಯಲ್ಲೂ ಇರುವಂಥವು. ಐದನೆಯದನ್ನು ಅದೇ ಸಾಲಿಗೆ ಸೇರಿಸಿದ್ದು ಸಾಮಾನ್ಯ ಬುದ್ಧಿಯಲ್ಲ. ಹೆಣ, ನೆತ್ತರು, ಎಂಜಲುಗಳಿಗೆ ಹೆದರುವ ಮನಸ್ಸೇ ಮನುಷ್ಯರ ಗುಂಪೊಂದನ್ನು ಹೊರಗಿಡುತ್ತಿದೆ, ರೋಗ ಒಂದೇ ಎಂಬ ತಿಳಿವಳಿಕೆ ಅದರಲ್ಲಿದೆ. ಆ ತಿಳಿವಳಿಕೆಯನ್ನು ಪಡೆದ ಸಮಾಜ ಮುಂದೆ ಅದನ್ನು ಎಷ್ಟು ಪಾಲಿಸಿತು ಎಂಬುದು ಬೇರೆಯೇ ಮಾತು.

ಮತ್ತೆ ಮೆಕೆಂಜಿಯವರ ಪುಟಕ್ಕೆ ಬರೋಣ. ಕೇರಿಯವರ ನಾಯಕನಾದ ಕುಳವಾಡಿಯ ಬಗ್ಗೆ ಅವರು ಬರೆದಿರುವ ವಿವರಗಳನ್ನು ನಿಧಾನವಾಗಿ ಓದಬೇಕು.

ಎರಡು ಹಳ್ಳಿಗಳ ನಡುವೆ ಎಲ್ಲೆಯ ವ್ಯಾಜ್ಯ ಬಂದರೆ, ಗಡಿ ಎಲ್ಲಿ ಹಾಯುತ್ತದೆ ಎಂದು ಪ್ರಮಾಣ ಮಾಡಿ ಹೇಳುವ ಅರ್ಹತೆ ಇದ್ದದ್ದು ಕುಳವಾಡಿಗೆ ಮಾತ್ರ. ಊರ ಮಣ್ಣಿನಿಂದ ಒಂದು ಉಂಡೆ ಮಾಡಿ, ಅದರ ನಡುವೆ ನೀರಿಟ್ಟು, ತಲೆಯ ಮೇಲೆ ಹೊತ್ತು ಅವನು ಎಲ್ಲೆಯ ಉದ್ದಕ್ಕೂ ನಡೆಯುತ್ತಿದ್ದ. ಸರಿಯಾದ ಗೆರೆಯಲ್ಲೇ ನಡೆದರೆ ಏನೂ ಆಗುವುದಿಲ್ಲ. ತಪ್ಪಿ ಆಚೆ ಹೆಜ್ಜೆಯಿಟ್ಟರೂ ಉಂಡೆ ತಾನಾಗಿ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಅವನ ಮನೆ ಹಾಳು ಬೀಳುತ್ತದೆ ಎಂಬುದು ನಂಬಿಕೆ. ಊರ ಎಲ್ಲೆಯೊಳಗೆ ಸತ್ತ ಪ್ರತಿಯೊಂದು ದನದ ಚರ್ಮವೂ ಅವನ ಹಕ್ಕು. ಹೀಗಾಗಿ ಯಾವ ದನ ಎಲ್ಲಿ ಸತ್ತಾಗ ಚರ್ಮ ಯಾವ ಕುಳವಾಡಿಗೆ ಸಂದಿತು ಎಂಬುದರಿಂದಲೇ ಎಷ್ಟೋ ಗಡಿ ವ್ಯಾಜ್ಯಗಳು ತೀರುತ್ತಿದ್ದವು. ಎರಡೂ ಊರಿನ ಕುಳವಾಡಿಗಳು ಒಪ್ಪಿದರೆಂದರೆ ಉಳಿದವರು ಸೊಲ್ಲೆತ್ತುವಂತಿರಲಿಲ್ಲ.

ಊರು ಕಟ್ಟಿದಾಗ ನೆಡುವ ಕರುಗಲ್ಲಿಗೆ ವರ್ಷಕ್ಕೊಮ್ಮೆ ಪಟೇಲ ಪೂಜೆ ಸಲ್ಲಿಸುತ್ತಾನೆ. ಅಲ್ಲಿಟ್ಟ ಅಕ್ಕಿ ಮುಂತಾದ ನೈವೇದ್ಯ ಕುಳವಾಡಿಗೆ ಸೇರಬೇಕು. ಪಟೇಲನಿಲ್ಲದ ಊರಿನಲ್ಲಿ ಕುಳವಾಡಿಯೇ ಆ ಪೂಜೆ ಮಾಡುತ್ತಾನೆ. ಇನ್ನೂ ಒಂದಿದೆ. ಊರಿನಲ್ಲಿ ಯಾರೇ ಸತ್ತರೂ ಅವರ ಕಡೆಯವರು ಕುಳವಾಡಿಗೆ ಒಂದು ಹಾಗ ಕೊಡಬೇಕು. ಹಾಗವೆಂದರೆ ಕಾಲು ಹಣ, ಒಂದಾಣೆ ಎರಡು ಪೈ. ಇದಕ್ಕೆ ‘ನೆಲಹಾಗ’ ಎಂದು ಹೆಸರು. ಸತ್ತವನಿಗಾಗಿ ನೆಲವನ್ನು ಕುಳವಾಡಿಯಿಂದ ಕೊಂಡುಕೊಳ್ಳುವುದು ಎಂದು ಮೆಕೆಂಜಿಯವರಿಗೆ ಮಾಹಿತಿ ಕೊಟ್ಟವನೊಬ್ಬ ವಿವರಿಸಿದನಂತೆ. ಕುಳವಾಡಿಗೂ ಮೇಲೊಬ್ಬನಿದ್ದ: ಸ್ಮಶಾನದ ಒಡೆಯನೆನಿಸಿದ ಸುಡುಗಾಡು ಸಿದ್ಧನ ಕಡೆಯವನಿಗೆ ಅವನು ವರ್ಷಕ್ಕೆ ಒಂದು ಕೋಳಿ, ಒಂದು ಹಣ, ಒಂದು ಹಿಡಿ ಅಕ್ಕಿ ಸಲ್ಲಿಸಬೇಕಾಗಿತ್ತು.

ಮಂಜರಾಬಾದಿನಲ್ಲಿ, ಅಂದರೆ ಸಕಲೇಶಪುರದ ಸೀಮೆಯಲ್ಲಿ, ಪಟೇಲನ ಮನೆತನದವರಿಂದ ಮಾತ್ರ ಕುಳವಾಡಿ ನೆಲಹಾಗ ಪಡೆಯುತ್ತಿರಲಿಲ್ಲ. ಕಾರಣ, ಅಲ್ಲಿ ಅವನನ್ನು ಆ ಮನೆತನಕ್ಕೇ ಸೇರಿದವನಂತೆ ಎಣಿಸುತ್ತಿದ್ದರು. ಪಟೇಲನ ಮನೆಯಲ್ಲಿ ಸಾವಾದರೆ ಕುಳವಾಡಿಯೂ ತಲೆ ಬೋಳಿಸಿಕೊಂಡು ಸಾವಿನ ಸೂತಕ ಹಿಡಿಯುತ್ತಿದ್ದ. ಸತ್ತವರ ಬಟ್ಟೆ ಮತ್ತು ಒಂದು ಹಿತ್ತಾಳೆಯ ಪಾತ್ರೆ ಅವನಿಗೆ ಸಲ್ಲುತ್ತಿದ್ದವು. ಸೂತಕವೆಂಬುದು ರಕ್ತಸಂಬಂಧಿಗಳಿಗೆ ಮಾತ್ರ ತಟ್ಟುವಂಥದು. ಮುಟ್ಟಬಾರದವನಿಗೂ ಅದು ತಟ್ಟುತ್ತಿತ್ತು.

ಇವೆಲ್ಲ ಒಂದು ಕಡೆ ಕೂಡಿದರೆ ಕಾಣುವ ಚಿತ್ರ ಯಾವುದು? ಊರು ಯಾರನ್ನು ಗೆರೆಯಾಚೆ ಇಟ್ಟಿತ್ತೋ, ಆ ಗೆರೆ ಎಲ್ಲಿದೆ ಎಂದು ಬಲ್ಲವನು ಅವನೊಬ್ಬನೇ. ಊರಿಗೆ ತನ್ನ ಅಂಚು ತಿಳಿಯಬೇಕಾದರೆ ಅಂಚಿನವನನ್ನು ಕೇಳಬೇಕು. ಹೆಣ, ಸತ್ತ ದನ, ಎಲ್ಲೆ, ಸ್ಮಶಾನ, ಹೀಗೆ ಊರಿಗೆ ಹೇಸಿಗೆಯೂ ಭಯವೂ ಆದದ್ದೆಲ್ಲ ಅವನ ಕೈಯಲ್ಲಿತ್ತು. ಆ ಕಾರಣಕ್ಕೇ ಅವನು ಮೈಲಿಗೆಯವನಾದ. ಆ ಕಾರಣಕ್ಕೇ ಅವನ ಕೇರಿಯಲ್ಲಿ ಕದಿಯಬಹುದಾದ ಅದೃಷ್ಟವೂ ಇತ್ತು. ತಳ್ಳಿದ ವಸ್ತು ಹೆದರಿಸುತ್ತದೆ, ಸೆಳೆಯುತ್ತದೆ ಎಂಬ ಕ್ರಿಸ್ತೇವಾ ಅವರ ಮಾತಿಗೆ ಹೊಲಗೇರಿಯನ್ನು ಕದ್ದು ಹಾಯುವ ಬ್ರಾಹ್ಮಣನಿಗಿಂತ ಒಳ್ಳೆಯ ಉದಾಹರಣೆ ಅವರ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

ಆದರೆ ಒಂದು ಕಡೆ ಹಾಸನದ ಪುಟ ಆ ಸಿದ್ಧಾಂತವನ್ನು ಮೀರುತ್ತದೆ. ಮನೋವಿಶ್ಲೇಷಣೆಯಲ್ಲಿ ತಳ್ಳಲ್ಪಟ್ಟದ್ದಕ್ಕೆ ಬಾಯಿಲ್ಲ. ಅದು ‘ನಾನು’ ಅಲ್ಲ, ಪೂರ್ತಿ ‘ಅದು’ ಕೂಡ ಅಲ್ಲ, ಮಸುಕಾದ ಒಂದು ಭಯ. ಕೇರಿಯವನಿಗೋ ಬಾಯಿ ಇತ್ತು, ಕಾಲಲ್ಲಿ ಮೆಟ್ಟಿತ್ತು, ಮನೆಯಲ್ಲಿ ಉಪ್ಪಿತ್ತು. ಅವನಿಗೂ ತನ್ನದೇ ಒಳಗು, ತನ್ನದೇ ಹೊಸಲು ಇತ್ತು. ಊರವರು ಗೆರೆ ಎಳೆದು ತನ್ನನ್ನು ಹೊರಗಿಟ್ಟರೆ, ಅದೇ ಗೆರೆಯ ಈಚೆ ನಿಂತು ಅವರನ್ನು ಅವನು ಹೊರಗಿಟ್ಟ. ಇದನ್ನು ಸಮಾನತೆ ಎಂದು ತಿಳಿಯುವುದು ಬೇಡ. ಹೊಲ, ಬಾವಿ, ಗುಡಿ, ಶಾಲೆ ಎಲ್ಲವೂ ಊರ ಕಡೆಗಿದ್ದವು; ಅವನ ಕಡೆಗೆ ಇದ್ದದ್ದು ಹೊಸಲು ಮಾತ್ರ.

ಮೆಕೆಂಜಿಯವರು ಈ ಹಕ್ಕುಗಳನ್ನು ನೋಡಿ, ಈ ನೆಲದ ಮೊದಲ ಒಡೆಯರು ಇವರೇ ಆಗಿರಬೇಕು ಎಂದು ತೀರ್ಮಾನಿಸಿದರು. ‘ಹೊಲ’ದಿಂದ ಹೊಲೆಯ ಬಂತು ಎನ್ನುವವರು ಇದನ್ನು ಮೆಚ್ಚುತ್ತಾರೆ, ‘ಹೊಲೆ’ ಎಂಬ ಮೈಲಿಗೆಯ ಪದದಿಂದ ಬಂತು ಎನ್ನುವವರು ಇನ್ನೊಂದು ಕಡೆ. ಒಂದು ದೀರ್ಘಸ್ವರವೂ ಅಲ್ಲ, ಬರೀ ‘ಲ’ ಮತ್ತು ‘ಲೆ’ಗಳ ನಡುವೆ ಒಂದು ಜನದ ಚರಿತ್ರೆಯ ವ್ಯಾಜ್ಯ ನಿಂತಿದೆ. ಎಪ್ಪತ್ತೈದು ವರ್ಷಗಳ ನಂತರ, 1948ರಲ್ಲಿ, ಅಸ್ಪೃಶ್ಯರ ಮೂಲವನ್ನು ಕುರಿತ ತಮ್ಮ ಗ್ರಂಥದಲ್ಲಿ ಡಾ. ಅಂಬೇಡ್ಕರ್ ಹಾಸನದ ಇದೇ ಭಾಗವನ್ನು ಎತ್ತಿಕೊಂಡರು. ಬ್ರಾಹ್ಮಣನು ಕೇರಿಗೆ ಬಂದರೆ ತಮಗೆ ಕೇಡು ಎಂದು ನಂಬುವ ತಮಿಳುನಾಡಿನ ಪರೆಯರ ಸಂಗತಿಯನ್ನೂ ಪಕ್ಕದಲ್ಲಿಟ್ಟರು. ಅಸ್ಪೃಶ್ಯತೆ ಬರೀ ಶುಚಿಯ ಪ್ರಶ್ನೆಯಾಗಿದ್ದರೆ, ಹೊರಗಿಟ್ಟವರು ಹೊರಗಿಟ್ಟವನನ್ನೇ ಅಮಂಗಳವೆಂದು ಕಾಣುವುದು ಹೇಗೆ ಸಾಧ್ಯ? ಇದು ಎರಡು ಪಕ್ಷಗಳ ಹಳೆಯ ವೈರದ ಉಳಿಕೆ, ಬೌದ್ಧರಿಗೂ ಬ್ರಾಹ್ಮಣರಿಗೂ ನಡೆದ ಹೋರಾಟದ ಗುರುತು ಎಂಬುದು ಅವರ ವಾದ. ಬೌದ್ಧಮೂಲದ ಭಾಗವನ್ನು ಎಲ್ಲ ಚರಿತ್ರಕಾರರೂ ಒಪ್ಪುವುದಿಲ್ಲ. ಆದರೆ ಹೇಸಿಗೆಯ ಹಿಂದೆ ಒಂದು ಘಟನೆ, ಒಂದು ಸೋಲು, ಒಂದು ಕಿತ್ತುಕೊಳ್ಳುವಿಕೆ ಇದೆಯೇ ಎಂದು ಹುಡುಕಿದ ಅವರ ಕಣ್ಣು ಸರಿಯಾದದ್ದೇ. ಮನಸ್ಸಿನ ಆಳ ಎಂದು ಹೇಳಿ ಕೈತೊಳೆದುಕೊಂಡರೆ, ನೆಲ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಲೆಕ್ಕ ತಪ್ಪಿಹೋಗುತ್ತದೆ.

ಬೆಂಗಳೂರಿನ ತತ್ತ್ವಶಾಸ್ತ್ರಜ್ಞ ಸುಂದರ್ ಸಾರುಕ್ಕೈ ಅವರು 2009ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇನ್ನೊಂದು ತಿರುವು ಕೊಟ್ಟರು. ಮುಟ್ಟಬಾರದವನು ಮೊದಲು ಯಾರು? ಮಡಿಯಲ್ಲಿರುವವನೇ ಅಲ್ಲವೆ? ‘ಮುಟ್ಟಬೇಡ, ಮಡಿಯಲ್ಲಿದ್ದೇನೆ’ ಎಂದು ಕೂಗುವವನು ಸ್ವತಃ ಅಸ್ಪೃಶ್ಯ. ಆ ಸ್ಥಿತಿಯ ಭಾರವನ್ನು ಇನ್ನೊಬ್ಬನ ಮೇಲೆ ಕಾಯಂ ಆಗಿ ಹೊರಿಸಿದಾಗ ಇವನು ಹಗುರಾದ ಎಂಬುದು ಅವರ ವಿಚಾರದ ದಿಕ್ಕು. ಅನಂತಮೂರ್ತಿಯವರ ‘ಸಂಸ್ಕಾರ’ (1965) ಓದಿದವರಿಗೆ ಇದು ಹೊಸದೆನಿಸದು. ಅಲ್ಲಿ ನಾರಣಪ್ಪನ ಹೆಣ ಸುಡಲೂ ಆಗದೆ ಬಿಡಲೂ ಆಗದೆ ಅಗ್ರಹಾರದ ನಡುವೆಯೇ ಕೊಳೆಯುತ್ತದೆ. ಊಟವಿಲ್ಲದೆ ಕುಳಿತ ಬ್ರಾಹ್ಮಣರಿಗೆ ತಾವು ಯಾರು ಎಂಬುದೇ ಅಲುಗುತ್ತದೆ. 1970ರಲ್ಲಿ ಬಂದ ಚಲನಚಿತ್ರದಲ್ಲೂ ಆ ಹೆಣದ ವಾಸನೆಯೇ ಮುಖ್ಯ ಪಾತ್ರ. ತೆರೆಯ ಮೇಲೆ ವಾಸನೆ ತೋರಿಸುವುದು ಎಷ್ಟು ಕಷ್ಟವೆಂದು ನಮ್ಮ ಕಸುಬಿನವರಿಗೆ ಗೊತ್ತು. ಮೂಗು ಮುಚ್ಚಿದ ಮುಖಗಳನ್ನು ತೋರಿಸಿ ಹಾಗೆ ಸಾಧಿಸಬೇಕಾಗುತ್ತದೆ.

ಮೆಟ್ಟಿನ ಮಾತು ಬಂದದ್ದರಿಂದ ಬೇಲೂರನ್ನು ಬಿಡುವಂತಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಅಲ್ಲಿಯ ಚೆನ್ನಿಗರಾಯನ ಬಗ್ಗೆ ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಒಂದು ಸಂಪ್ರದಾಯವನ್ನು ದಾಖಲಿಸಿದ್ದಾರೆ. ವಿಗ್ರಹವನ್ನು ಬಾಬಾಬುಡನ್ ಗಿರಿಯಿಂದ ತರುವಾಗ ದೇವಿ ಅಲ್ಲೇ ಉಳಿದಳಂತೆ. ಅವಳನ್ನು ಕಾಣಲು ಸ್ವಾಮಿ ಆಗಾಗ್ಗೆ ಬೆಟ್ಟಕ್ಕೆ ನಡೆಯಬೇಕು, ಅದಕ್ಕೆ ದೊಡ್ಡ ಪಾದರಕ್ಷೆಗಳು ಬೇಕು. ಅವು ಸವೆದಾಗ ಚನ್ನಗಿರಿ ಮತ್ತು ಬಸವಾಪಟ್ಟಣದ ಚರ್ಮಕಾರರಿಗೆ ಕನಸಿನಲ್ಲಿ ತಿಳಿಯುತ್ತದೆ. ಅವರು ಹೊಸ ಜೋಡು ಮಾಡಿ ತಂದೊಪ್ಪಿಸಲು ದೇವಾಲಯದ ಪ್ರಾಕಾರದೊಳಗೆ ಬರಬಹುದಿತ್ತು. ಸತ್ತ ದನದ ಚರ್ಮ ಊರಿಗೆ ಹೇಸಿಗೆ, ದೇವರ ಪಾದಕ್ಕೆ ಭೂಷಣ. ಒಳಗೆ ಬರುವ ದಿನವೂ ಗೊತ್ತುಪಡಿಸಿದ್ದೇ, ಹಿಂದಿರುಗುವ ದಾರಿಯೂ ಗೊತ್ತುಪಡಿಸಿದ್ದೇ. ಇಂಥ ವಿಶೇಷ ಸಂದರ್ಭಗಳನ್ನು ನಮ್ಮ ಉದಾರತೆಗೆ ಸಾಕ್ಷಿಯಾಗಿ ತೋರಿಸುವವರಿದ್ದಾರೆ. ನನಗೆ ಅವು ಗೆರೆಯನ್ನು ವರ್ಷವರ್ಷ ಹೊಸದಾಗಿ ಬಣ್ಣ ಬಳಿದು ಉಳಿಸಿಕೊಳ್ಳುವ ಕ್ರಮವಾಗಿ ಕಾಣುತ್ತವೆ.

ಆ ಗೆರೆಯನ್ನು ಸಂವಿಧಾನದ 17ನೆಯ ವಿಧಿ 1950ರಲ್ಲಿ ರದ್ದು ಮಾಡಿತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ, 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ ಬಂದವು. ಕರ್ನಾಟಕದಲ್ಲಿ 1970ರ ದಶಕದ ಆರಂಭದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಕರಾವಳಿಯ ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸಿ ಇತರರ ಕೇಡು ಕಳೆಯುವ ‘ಅಜಲು’ ಪದ್ಧತಿಯನ್ನು ನಿಷೇಧಿಸಲು ಮಾತ್ರ 2000ದ ತನಕ ಕಾಯಬೇಕಾಯಿತು. ಕತ್ತರಿಸಿ ಬಿದ್ದ ಉಗುರು ಮತ್ತು ಕೂದಲು: ನಿನ್ನೆ ನನ್ನ ಮೈ, ಇಂದ ಹೇಸಿಗೆ. ಅದನ್ನು ಇನ್ನೊಬ್ಬ ಮನುಷ್ಯನ ಹೊಟ್ಟೆಗೆ ಹಾಕಿ ತಾನು ಶುದ್ಧನಾದೆ ಎಂದುಕೊಂಡ ಮನಸ್ಸಿಗೆ ಸಿದ್ಧಾಂತದ ವಿವರಣೆ ಒದಗಬಹುದು, ಕ್ಷಮೆ ಒದಗದು.

ಕಾನೂನು ಬಂದಮೇಲೂ ಗೆರೆ ಎಲ್ಲಿ ಉಳಿದಿದೆ ಎಂಬುದು ಹಾಸನ ಜಿಲ್ಲೆಯ ಸುದ್ದಿಗಳಲ್ಲೇ ಕಂಡಿದೆ. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಮಹಿಳೆಯರು ಬಸವೇಶ್ವರ ದೇವಾಲಯದೊಳಗೆ ಹೋದದ್ದಕ್ಕೆ ದಂಡ ಕೇಳಿದ ಸಂಗತಿ ರಾಜ್ಯದಲ್ಲೆಲ್ಲ ಚರ್ಚೆಯಾಯಿತು. ಜಾತಿ ಸೂತಕವನ್ನು ಅಲ್ಲಗಳೆದವನ ಹೆಸರಿನ ಗುಡಿ ಅದು. 2021ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ಅಧಿಕಾರಿಗಳ ಸಮ್ಮುಖದಲ್ಲಿ ದಲಿತರು ದೇವಾಲಯ ಪ್ರವೇಶ ಮಾಡಿದರು. ಇನ್ನೊಂದು ಬಗೆಯ ಉತ್ತರ 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಕಂಡಿತು. ಮನೆ ತೆರವು ಮಾಡಿಸುವ ಬೆದರಿಕೆ ಎದುರಿಸುತ್ತಿದ್ದ ಭಂಗಿ ಕುಟುಂಬದವರು ಪುರಸಭೆಯ ಮುಂದೆ ನಿಂತು ಮೈಮೇಲೆ ಮಲ ಸುರಿದುಕೊಂಡರು. ಊರು ತಲೆಮಾರುಗಳಿಂದ ಯಾವುದನ್ನು ಅವರ ಕೈಗೆ ಕೊಟ್ಟು ಮುಖ ತಿರುಗಿಸಿತ್ತೋ ಅದನ್ನೇ ಊರು ನೋಡುವಂತೆ ಮಾಡಿದರು. ಹೊಲಗೇರಿಯವರ ಕೈಯ ಮೆಟ್ಟನ್ನು ನೆನಪಿಸುವ ನಡೆ ಅದು. ಆದರೆ ಮೆಟ್ಟು ಹೊಡೆದದ್ದು ಬಂದವನಿಗೆ, ಇಲ್ಲಿ ಅವರು ನೋಯಿಸಿಕೊಂಡದ್ದು ತಮ್ಮನ್ನೇ.

ಕುಳವಾಡಿಯ ವಂಶಪಾರಂಪರ್ಯದ ಅಧಿಕಾರ ಕಾನೂನಿನ ಮೂಲಕವೇ ಮುಗಿಯಿತು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ 1963ರ ಫೆಬ್ರವರಿಯಿಂದ ಜಾರಿಗೆ ಬಂದು ಪಟೇಲಿಕೆ, ಶಾನುಭೋಗಿಕೆಗಳ ಜೊತೆಗೆ ತೋಟಿ, ತಳವಾರಿಕೆಗಳಂಥ ಕೆಳಗಿನ ಉಂಬಳಿಗಳನ್ನೂ ತೆಗೆದುಹಾಕಿತು. ಬಿಟ್ಟಿ ಚಾಕರಿ ತಪ್ಪಿದ್ದು ಒಳ್ಳೆಯದೇ. ಉಂಬಳಿ ಜಮೀನುಗಳನ್ನು ಅವರಿಗೇ ಮರುಮಂಜೂರು ಮಾಡಬೇಕಿತ್ತು. ಹಾಗೆ ಬಂದ ಜಮೀನುಗಳೂ ಎಷ್ಟೋ ಕಡೆ ಕೈಬಿಟ್ಟುಹೋದವು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು ತಡೆಯಲು 1978ರಲ್ಲಿ ಬೇರೆಯೇ ಒಂದು ಕಾಯಿದೆ ಮಾಡಬೇಕಾಯಿತು. ಎಲ್ಲೆಯ ವ್ಯಾಜ್ಯಕ್ಕೆ ಈಗ ಮಣ್ಣಿನ ಉಂಡೆ ಹೊತ್ತು ಯಾರೂ ನಡೆಯುವುದಿಲ್ಲ. ಸರ್ವೆಯವರು ಬಂದು ಅಳೆಯುತ್ತಾರೆ, ಪಹಣಿಯಲ್ಲಿ ಹೆಸರಿದ್ದವನದು ನೆಲ.

ಎಷ್ಟೋ ಹಳ್ಳಿಗಳಲ್ಲಿ ಕೇರಿಯವರಿಗೆ ಹೆಣ ಹೂಳಲು ಸ್ವಂತ ಜಾಗವಿಲ್ಲ. ಹಳ್ಳದ ದಂಡೆಯಲ್ಲೋ ರಸ್ತೆಯ ಬದಿಯಲ್ಲೋ ಹೂಳುತ್ತಾರೆ, ಸ್ಮಶಾನಕ್ಕೆ ಭೂಮಿ ಮಂಜೂರು ಮಾಡಿಕೊಡಿ ಎಂದು ತಹಸೀಲ್ದಾರರಿಗೆ ಅರ್ಜಿ ಹಾಕುತ್ತಾರೆ. ಒಂದು ಕಾಲಕ್ಕೆ ಊರಿನ ಸತ್ತವರಿಗೆಲ್ಲ ಒಂದು ಹಾಗಕ್ಕೆ ನೆಲ ಮಾರಿದವರ ಮೊಮ್ಮಕ್ಕಳು ಆ ಅರ್ಜಿಗೆ ಸಹಿ ಹಾಕುತ್ತಿದ್ದಾರೆ.